ಕಪ್ಪು ಶಿಲೀಂಧ್ರ ಕೋವಿಡ್‌ ಜೊತೆ ಬಂದದ್ದಲ್ಲ

2021ರ ಮೇ ತಿಂಗಳಲ್ಲಿ ಮನೆಮನೆಯ ಮಾತಾಗಿದ್ದ ‘ಬ್ಲ್ಯಾಕ್ ಫಂಗಸ್’ ಆ ವರ್ಷ ಮುಗಿಯುವಷ್ಟರಲ್ಲಿ ಸುದ್ದಿಯಿಂದ ಮರೆಯಾಯಿತು. ಕೋವಿಡ್‌ ಜೊತೆ ಬಂತು, ಕೋವಿಡ್‌ ಜೊತೆಗೇ ಹೋಯಿತು ಎಂದು ಹೆಚ್ಚಿನವರು ನಂಬಿದ್ದಾರೆ. ಎರಡೂ ನಿಜವಲ್ಲ. ಮ್ಯೂಕರ್‌ಮೈಕೋಸಿಸ್‌ ಎಂಬ ಈ ರೋಗ ಅದಕ್ಕೂ ಮೊದಲು ನಮ್ಮಲ್ಲಿತ್ತು, ಈಗಲೂ ಇದೆ.

ಹಳಸಿದ ಬ್ರೆಡ್‌, ಕೊಳೆತ ಹಣ್ಣು, ಗೊಬ್ಬರದ ಗುಂಡಿಗಳಲ್ಲಿ ಹಿಡಿಯುವ ಬೂಷ್ಟಿನ ಕುಲದ್ದೇ ಇದು. ನಮ್ಮ ದೇಶದ ರೋಗಿಗಳಲ್ಲಿ ಹೆಚ್ಚಾಗಿ ಸಿಗುವುದು ರೈಜೋಪಸ್‌. ಅಪೋಫಿಸೋಮೈಸಿಸ್‌ ಎಂಬ ಇನ್ನೊಂದು ಬಗೆ ಮಣ್ಣಿನಲ್ಲಿದ್ದು, ಅಪಘಾತದ ಗಾಯದ ಮೂಲಕ ಒಳಹೊಗುತ್ತದೆ. ರೈಜೋಪಸ್‌ನ ಬೀಜಕಣಗಳು ಗಾಳಿಯಲ್ಲೇ ಇವೆ, ಎಲ್ಲರೂ ದಿನವೂ ಉಸಿರಾಡುತ್ತೇವೆ. ಆರೋಗ್ಯವಂತರಲ್ಲಿ ಬಿಳಿ ರಕ್ತಕಣಗಳು ಅವನ್ನು ಅಲ್ಲೇ ಮುಗಿಸಿಬಿಡುತ್ತವೆ. ಹೆಸರಿನಲ್ಲಿ ಕಪ್ಪು ಇದ್ದರೂ ಅಂಗಾಂಶದೊಳಗಿನ ಇದರ ಎಳೆಗಳಿಗೆ ಬಣ್ಣವಿಲ್ಲ. ಅವು ರಕ್ತನಾಳದ ಗೋಡೆಗೆ ನುಗ್ಗಿದಾಗ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿಕೊಳ್ಳುತ್ತದೆ, ಆ ಜಾಗದ ಮಾಂಸ ಸತ್ತು ಕಪ್ಪಾಗುತ್ತದೆ. ಮೂಗಿನೊಳಗೆ, ಅಂಗುಳದಲ್ಲಿ ಕಾಣುವ ಕಪ್ಪು ಅದು. ಔಷಧ ಹೋಗುವುದೂ ರಕ್ತದಲ್ಲೇ. ರಕ್ತ ಹೋಗದ ಕಡೆ ಔಷಧವೂ ಹೋಗದು. ಹಾಗಾಗಿ ಸತ್ತದ್ದನ್ನು ಕತ್ತರಿಸಿ ತೆಗೆಯದೆ ಬರೀ ಇಂಜೆಕ್ಷನ್‌ನಿಂದ ಈ ರೋಗ ಗುಣವಾಗುವುದು ಕಷ್ಟ.

1885ರಲ್ಲಿ ರೋಗಶಾಸ್ತ್ರಜ್ಞ ಪಾಲ್ಟೌಫ್‌ ಮನುಷ್ಯರಲ್ಲಿ ಈ ಸೋಂಕನ್ನು ವಿವರಿಸಿದಂದಿನಿಂದ 1950ರ ದಶಕದ ಕೊನೆಗೆ ಆಂಫೋಟೆರಿಸಿನ್‌-ಬಿ ಎಂಬ ಶಿಲೀಂಧ್ರನಾಶಕ ಔಷಧ ಬಳಕೆಗೆ ಬರುವವರೆಗೆ ಬದುಕಿ ಉಳಿದವರು ವಿರಳ. ಭಾರತದ ಕಥೆ ಸ್ಪಷ್ಟವಾಗಿ ಸಿಗುವುದು ಚಂಡೀಗಢದ ಪಿಜಿಐ ಎಂಬ ವೈದ್ಯಕೀಯ ಸಂಸ್ಥೆಯ ದಾಖಲೆಗಳಲ್ಲಿ. ಅಲ್ಲಿ 1990ರಿಂದ 1999ರವರೆಗೆ ವರ್ಷಕ್ಕೆ ಸರಾಸರಿ 13 ರೋಗಿಗಳು ಕಂಡುಬಂದಿದ್ದರು. 2000ದಿಂದ 2004ರ ನಡುವೆ ಅದು ಸುಮಾರು 36ಕ್ಕೆ, 2006–07ರ ಹೊತ್ತಿಗೆ 50ಕ್ಕೆ ಏರಿತ್ತು. ಕೋವಿಡ್‌ ಎಂಬ ಹೆಸರೇ ಹುಟ್ಟಿರದ ಕಾಲವದು. ಏರುತ್ತಿದ್ದದ್ದು ಸಕ್ಕರೆ ಕಾಯಿಲೆ. ಪಾಶ್ಚಾತ್ಯ ದೇಶಗಳಲ್ಲಿ ಈ ಶಿಲೀಂಧ್ರ ಹೆಚ್ಚಾಗಿ ರಕ್ತದ ಕ್ಯಾನ್ಸರ್‌ ಇದ್ದವರನ್ನು, ಅಂಗಾಂಗ ಕಸಿ ಮಾಡಿಸಿಕೊಂಡವರನ್ನು ಹಿಡಿದರೆ, ನಮ್ಮಲ್ಲಿ ಹಿಡಿದದ್ದು ಮಧುಮೇಹಿಗಳನ್ನು. ಅವರಲ್ಲಿ ಎಷ್ಟೋ ಮಂದಿಗೆ ತಮಗೆ ಸಕ್ಕರೆ ಕಾಯಿಲೆ ಇದೆಯೆಂಬುದು ತಿಳಿದದ್ದೇ ಈ ಸೋಂಕಿಗಾಗಿ ಆಸ್ಪತ್ರೆಗೆ ಸೇರಿದ ಮೇಲೆ.

ಸಕ್ಕರೆಗೂ ಈ ಬೂಷ್ಟಿಗೂ ಇರುವ ನಂಟು ಕಬ್ಬಿಣದ್ದು. ಸಕ್ಕರೆ ತೀರಾ ಏರಿ ರಕ್ತದಲ್ಲಿ ಕೀಟೋನ್‌ ಸೇರಿಕೊಂಡರೆ ರಕ್ತದ ಆಮ್ಲೀಯತೆ ಹೆಚ್ಚುತ್ತದೆ. ಮಾಮೂಲಿನಲ್ಲಿ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿರುವ ಪ್ರೋಟೀನು ಆಗ ಅದನ್ನು ಬಿಟ್ಟುಕೊಡುತ್ತದೆ. ಶಿಲೀಂಧ್ರಕ್ಕೆ ಬೇಕಾದದ್ದೂ ಅದೇ. ಜೊತೆಗೆ ಅದು ಅಂಟಿಕೊಳ್ಳುವ ಗ್ರಾಹಕಗಳು ರಕ್ತನಾಳದ ಒಳಪದರದಲ್ಲಿ ಹೆಚ್ಚುತ್ತವೆ, ಬಿಳಿ ರಕ್ತಕಣಗಳು ಮಂಕಾಗುತ್ತವೆ.

ಹೀಗೆ ಹದವಾಗಿದ್ದ ನೆಲಕ್ಕೆ 2020ರಲ್ಲಿ ಕೋವಿಡ್‌ ಬಂತು. ಆ ವರ್ಷದ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗವು ಡೆಕ್ಸಾಮೆಥಾಸೋನ್‌ ಎಂಬ ಸ್ಟಿರಾಯ್ಡ್‌ ಜೀವ ಉಳಿಸುತ್ತದೆಂದು ತೋರಿಸಿತು. ಅದು ಹೇಳಿದ ಪ್ರಮಾಣ ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ 10 ದಿನ. ಲಾಭ ಕಂಡದ್ದು ಆಕ್ಸಿಜನ್‌ ಬೇಕಾದವರಲ್ಲಿ ಮಾತ್ರ. ಈ ಷರತ್ತುಗಳು ಊರೂರು ಸುತ್ತುವಷ್ಟರಲ್ಲಿ ಉದುರಿಹೋದವು. ಜ್ವರದ ಮೊದಲ ದಿನದಿಂದಲೇ ಸ್ಟಿರಾಯ್ಡ್‌, ದುಪ್ಪಟ್ಟು ಪ್ರಮಾಣ, ಎರಡು ಮೂರು ವಾರ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ನೋಡಿ ಮನೆಯಲ್ಲೇ ಮಾತ್ರೆ: ಎಲ್ಲವೂ ನಡೆಯಿತು. ಹಾಸಿಗೆ ಸಿಗದ ಆ ದಿನಗಳ ಭಯದಲ್ಲಿ ಕೈಗೆ ಸಿಕ್ಕ ಔಷಧಿಯನ್ನು ಜನ ಬಿಡಲಿಲ್ಲ. ಆದರೆ ಸ್ಟಿರಾಯ್ಡ್‌ ಕೊಟ್ಟ ಕಡೆಯೆಲ್ಲ ಗ್ಲುಕೋಮೀಟರ್‌ ಹೋಗಲಿಲ್ಲ. ಬೆಳಿಗ್ಗೆ ನುಂಗಿದ ಸ್ಟಿರಾಯ್ಡ್‌ ಸಕ್ಕರೆಯನ್ನು ಹೆಚ್ಚು ಏರಿಸುವುದು ಊಟದ ನಂತರ, ಮಧ್ಯಾಹ್ನದಿಂದ ಸಂಜೆಯವರೆಗೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ ನೋಡಿ ‘ನಾರ್ಮಲ್‌ ಇದೆ’ ಎಂದುಕೊಂಡರೆ ಅದು ಕಣ್ತಪ್ಪುತ್ತದೆ. ಮಾಡಬೇಕಿದ್ದದ್ದು ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿ ನೋಡುವುದು, ಅಷ್ಟೇ.

ದೇಶದ 16 ಆಸ್ಪತ್ರೆಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ 287 ಪ್ರಕರಣಗಳಿದ್ದವು, ಅವುಗಳಲ್ಲಿ 187 ಕೋವಿಡ್‌ ಬಂದವರವು. ಹಿಂದಿನ ವರ್ಷದ ಇದೇ ಅವಧಿಗಿಂತ ಎರಡು ಪಟ್ಟು ಹೆಚ್ಚು. ಎರಡನೇ ಅಲೆ ಏಳುವ ಮುಂಚಿನ ಲೆಕ್ಕ ಇದು. 2021ರ ಮೇ 20ರಂದು ಕೇಂದ್ರವು ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಇದನ್ನು ಅಧಿಸೂಚಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಜುಲೈ ಮಧ್ಯದ ಹೊತ್ತಿಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣ, 4 ಸಾವಿರಕ್ಕೂ ಹೆಚ್ಚು ಸಾವು ದಾಖಲಾಗಿದ್ದವು. ಕೈಗಾರಿಕಾ ಆಕ್ಸಿಜನ್‌, ಆಕ್ಸಿಜನ್‌ಗೆ ತೇವ ಸೇರಿಸುವ ಹ್ಯುಮಿಡಿಫೈಯರ್‌ಗೆ ತುಂಬಿದ ನಲ್ಲಿ ನೀರು, ಒಗೆಯದ ಮಾಸ್ಕ್‌ ಎಲ್ಲದರ ಮೇಲೂ ಅನುಮಾನ ಬಿತ್ತು. ಆಕ್ಸಿಜನ್‌ ಮುಟ್ಟದೆ ಮನೆಯಲ್ಲೇ ಇದ್ದವರಿಗೂ ರೋಗ ಬಂದದ್ದನ್ನು ಮಾತ್ರ ಈ ಯಾವುದೂ ವಿವರಿಸಲಿಲ್ಲ.

ಆ ಬೇಸಿಗೆಯಲ್ಲಿ ಔಷಧ ಯಾಕೆ ಸಾಲಲಿಲ್ಲ ಎಂಬುದಕ್ಕೆ ಸಣ್ಣದೊಂದು ಗುಣಾಕಾರ ಸಾಕು. ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿದ ಆಂಫೋಟೆರಿಸಿನ್‌, ಅಂದರೆ ಲೈಪೋಸೋಮಲ್‌ ಆಂಫೋಟೆರಿಸಿನ್‌, ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 5 ಮಿಲಿಗ್ರಾಂ ಬೇಕು. ಒಂದು ವಯಲ್‌ನಲ್ಲಿ ಇರುವುದು 50 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ 6 ವಯಲ್‌, ಮೂರು ವಾರಕ್ಕೆ 126. ಹಿಂದೆ ತಿಂಗಳಿಗೊಬ್ಬ ರೋಗಿ ಬರುತ್ತಿದ್ದ ವಾರ್ಡಿಗೆ ಒಮ್ಮೆಲೇ ಐವತ್ತು ಮಂದಿ ಬಂದಿದ್ದರು. ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಆಸ್ಪತ್ರೆಗೆ ಎಣಿಸಿ ಹಂಚುವ ವ್ಯವಸ್ಥೆ ಆಯಿತು, ಜೂನ್‌ 12ರಂದು ಔಷಧದ ಮೇಲಿನ ಜಿಎಸ್‌ಟಿಯನ್ನು ಶೂನ್ಯಕ್ಕಿಳಿಸುವ ತೀರ್ಮಾನವಾಯಿತು. ಅಷ್ಟರಲ್ಲಿ ಹಳೆಯ, ಅಗ್ಗದ ಆಂಫೋಟೆರಿಸಿನ್‌ ಮತ್ತೆ ಬಳಕೆಗೆ ಬಂದಿತ್ತು. ಅದೂ ಕೆಲಸ ಮಾಡುತ್ತದೆ, ಆದರೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಮೊದಲು ಅರ್ಧದಿಂದ ಒಂದು ಲೀಟರ್‌ ಸಲೈನ್‌ ಹರಿಸಿ, ನಂತರ ಔಷಧವನ್ನು 4ರಿಂದ 6 ಗಂಟೆ ನಿಧಾನವಾಗಿ ಬಿಡಬೇಕು. ಔಷಧ ಬೆರೆಸುವುದು ಮಾತ್ರ ಶೇ 5ರ ಡೆಕ್ಸ್‌ಟ್ರೋಸ್‌ನಲ್ಲಿ. ಸಲೈನ್‌ಗೆ ಬೆರೆಸಿದರೆ ಒಡೆದು ಗಸಿಯಾಗುತ್ತದೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್‌, ಜೊತೆಗೆ ರಕ್ತದ ಪೊಟ್ಯಾಷಿಯಂ, ಮೆಗ್ನೀಷಿಯಂ ಮೇಲೆ ಕಣ್ಣಿಡಬೇಕು. ಪೊಟ್ಯಾಷಿಯಂ ಇಳಿದದ್ದು ಗಮನಕ್ಕೆ ಬರದಿದ್ದರೆ ಹೃದಯದ ಬಡಿತವೇ ತಪ್ಪುತ್ತದೆ.

ಔಷಧಕ್ಕಿಂತ ಮೊದಲೇ ದಾರಿ ತಪ್ಪುವುದು ಸ್ಯಾಂಪಲ್‌ನಲ್ಲಿ. ಮೂಗಿನಿಂದ ತೆಗೆದ ಚೂರನ್ನೆಲ್ಲ ಫಾರ್ಮಲಿನ್‌ಗೆ ಹಾಕಿದರೆ ಶಿಲೀಂಧ್ರ ಸಾಯುತ್ತದೆ, ಲ್ಯಾಬ್‌ನಲ್ಲಿ ಅದನ್ನು ಬೆಳೆಸಿ ನೋಡುವ ಕಲ್ಚರ್‌ ಪರೀಕ್ಷೆಯಲ್ಲಿ ಏನೂ ಬೆಳೆಯದು. ಅರ್ಧ ಚೂರು ಬಯಾಪ್ಸಿಗೆಂದು ಫಾರ್ಮಲಿನ್‌ನಲ್ಲಿ, ಇನ್ನರ್ಧ ಶುದ್ಧ ಸಲೈನ್‌ನಲ್ಲಿ, ಫ್ರಿಜ್‌ನಲ್ಲಿಡದೆ ಹೋಗಬೇಕು. ಲ್ಯಾಬ್‌ನಲ್ಲಿ ಅದನ್ನು ಅರೆಯಬಾರದು, ಬ್ಲೇಡಿನಿಂದ ಸಣ್ಣಗೆ ಹೆಚ್ಚಬೇಕು. ಇದರ ಎಳೆಗಳಿಗೆ ಅಡ್ಡಗೋಡೆಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅರೆದರೆ ಹರಿದು ಸಾಯುತ್ತವೆ. ಕಲ್ಚರ್‌ಗೆ ಕಾಯಲೂಬೇಕಿಲ್ಲ. ಒಂದು ಹನಿ ಕೆಓಎಚ್‌ (ಪೊಟ್ಯಾಷಿಯಂ ಹೈಡ್ರಾಕ್ಸೈಡ್‌) ದ್ರಾವಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಅಗಲವಾದ, ರಿಬ್ಬನ್ನಿನಂಥ, ಹೆಚ್ಚುಕಮ್ಮಿ ಲಂಬಕೋನದಲ್ಲಿ ಕವಲೊಡೆಯುವ ಎಳೆಗಳು ಅರ್ಧ ಗಂಟೆಯೊಳಗೆ ಕಾಣುತ್ತವೆ. ಇದನ್ನು ಆಸ್ಪರ್ಜಿಲಸ್‌ ಎಂಬ ಬೇರೊಂದು ಶಿಲೀಂಧ್ರವೆಂದು ಭಾವಿಸಿ ಅದಕ್ಕೆ ಕೊಡುವ ವೊರಿಕೊನಜೋಲ್‌ ಶುರುಮಾಡಿದರೆ ದಿನಗಳು ವ್ಯರ್ಥ, ಆ ಔಷಧಕ್ಕೆ ಕಪ್ಪು ಶಿಲೀಂಧ್ರ ಬಗ್ಗುವುದಿಲ್ಲ.

ಕಳೆದುಹೋಗುವ ಆ ದಿನಗಳ ಬೆಲೆ ದೊಡ್ಡದು. ರಕ್ತದ ಕ್ಯಾನ್ಸರ್‌ ರೋಗಿಗಳ ಒಂದು ಅಧ್ಯಯನದಲ್ಲಿ, ಚಿಕಿತ್ಸೆ ಶುರುವಾಗಲು 6 ದಿನ ಅಥವಾ ಹೆಚ್ಚು ತಡವಾದವರಲ್ಲಿ ಶೇ 83 ಮಂದಿ 12 ವಾರದೊಳಗೆ ತೀರಿಕೊಂಡರು, ಬೇಗ ಶುರುವಾದವರಲ್ಲಿ ಶೇ 49. ಇದಕ್ಕೂ ಹಿಂದೆ 2005ರಲ್ಲಿ 929 ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿದಾಗ, ಚಿಕಿತ್ಸೆಯೇ ಆಗದವರಲ್ಲಿ ಶೇ 3 ಮಂದಿ ಉಳಿದಿದ್ದರೆ, ಔಷಧ ಮತ್ತು ಶಸ್ತ್ರಚಿಕಿತ್ಸೆ ಎರಡೂ ಆದವರಲ್ಲಿ ಶೇ 70 ಮಂದಿ ಉಳಿದಿದ್ದರು. ಮೂಗಿನ ಒಂದೇ ಹೊಳ್ಳೆ ಕಟ್ಟಿಕೊಳ್ಳುವುದು, ಒಂದು ಕೆನ್ನೆ ಜೋಮು ಹಿಡಿಯುವುದು, ಹುಳುಕಿಲ್ಲದ ಹಲ್ಲು ಅಲ್ಲಾಡುವುದು, ಒಂದು ವಸ್ತು ಎರಡಾಗಿ ಕಾಣುವುದು: ಮಧುಮೇಹಿಗಳಲ್ಲಿ ಇವು ಬಂದ ದಿನವೇ ಕಿವಿ-ಮೂಗು-ಗಂಟಲು ವೈದ್ಯರು ದುರ್ಬೀನು ಹಾಕಿ ನೋಡಬೇಕು. ಸೈನಸ್‌ ಎಂದು ಆಂಟಿಬಯಾಟಿಕ್‌ ನುಂಗಿ ವಾರ ಕಾಯುವಂತಿಲ್ಲ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆದ್ಯತೆಯ 19 ಶಿಲೀಂಧ್ರಗಳ ಮೊದಲ ಪಟ್ಟಿ ಮಾಡಿದಾಗ ಕಪ್ಪು ಶಿಲೀಂಧ್ರಗಳ ಮ್ಯೂಕರ್‌ ಗುಂಪು ಮೂರು ಸಾಲುಗಳಲ್ಲಿ ಎರಡನೆಯದರಲ್ಲಿತ್ತು. ಅದಕ್ಕೆ ಹದವಾದ ನೆಲವೂ ಹಾಗೆಯೇ ಇದೆ: ಮರುವರ್ಷ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್‌) ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ.

ಬದುಕಿ ಉಳಿದವರ ಮಾತು ಈ ಪಟ್ಟಿಗಳಲ್ಲಿ ಬರುವುದಿಲ್ಲ. ಮೇಲ್ದವಡೆ ತೆಗೆದ ಮೇಲೆ ಬಾಯಿಗೂ ಮೂಗಿಗೂ ನಡುವೆ ಗೋಡೆ ಇರುವುದಿಲ್ಲ. ಕುಡಿದ ನೀರು ಮೂಗಿನಲ್ಲಿ ಬರುತ್ತದೆ, ಮಾತು ಗೊಣಗಾಗುತ್ತದೆ. ಆ ತೂತಿಗೆ ಅಕ್ರಿಲಿಕ್‌ನ ಆಬ್ಚುರೇಟರ್‌ ಪ್ಲೇಟ್‌ ಕೂರಿಸುತ್ತಾರೆ. ಗಾಯ ಮಾಗುತ್ತ ಕುಗ್ಗುವುದರಿಂದ ಮೊದಲ ಪ್ಲೇಟ್‌ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ, ಮತ್ತೆ ಅಳತೆ ತೆಗೆದು ಹೊಸದು ಮಾಡಿಸಬೇಕು. ಅದನ್ನು ದಿನವೂ ಕಳಚಿ ತೊಳೆಯಬೇಕು, ಸಕ್ಕರೆ ನೋಡಿಕೊಳ್ಳಬೇಕು, ವೈದ್ಯರು ನಿಲ್ಲಿಸುವವರೆಗೆ ಪೊಸಕೊನಜೋಲ್‌ ಎಂಬ ಶಿಲೀಂಧ್ರನಾಶಕ ಮಾತ್ರೆ ನುಂಗಬೇಕು.