ಕಣ್ಣಾರೆ ನೋಡದೆ ನಾಟಕಕ್ಕೆ ಪ್ರಶಸ್ತಿ ಕೊಡಬಹುದೇ?

ಓದುಗರ ಪ್ರಶ್ನೆ: ಪುಸ್ತಕಕ್ಕೆ ಪ್ರಶಸ್ತಿ ಕೊಡುವವರು ಪುಸ್ತಕ ತರಿಸಿಕೊಂಡು ಓದುತ್ತಾರೆ, ಸಿನಿಮಾಕ್ಕೆ ಕೊಡುವವರು ಸಿನಿಮಾ ಹಾಕಿಸಿಕೊಂಡು ನೋಡುತ್ತಾರೆ. ಒಂದು ಪ್ರದೇಶದ ವೃತ್ತಿಪರ ತಂಡಗಳು ವರ್ಷವಿಡೀ ಆಡುವ ನಾಟಕಗಳಿಗೆ ಪ್ರಶಸ್ತಿ ಕೊಡುವ ಸಂಸ್ಥೆಗಳಿವೆಯಲ್ಲ, ಅವುಗಳ ತೀರ್ಪುಗಾರರು ಎಲ್ಲ ನಾಟಕಗಳನ್ನೂ ನಿಜವಾಗಿ ನೋಡಿರುತ್ತಾರೆಯೇ? ಕೊಡಗಿನಂಥ ಜಿಲ್ಲೆಯಲ್ಲಿ ಅದು ಸಾಧ್ಯವೇ?

ಉತ್ತರ: ಪ್ರಶಸ್ತಿಗೆ ಬೆಲೆ ಇರಬೇಕಾದರೆ ನೋಡಿಯೇ ಇರಬೇಕು. ನಮಗೆ ಕಾಣುವುದು ಫಲಕ, ಶಾಲು, ಚಪ್ಪಾಳೆಗಳ ಒಂದು ಸಂಜೆ ಮಾತ್ರ. ಅದಕ್ಕೂ ಮೊದಲು ವರ್ಷವಿಡೀ ನಡೆಯುವ ಕೆಲಸವೆಂದರೆ ಯಾವ ನಾಟಕಕ್ಕೆ ಯಾರು, ಯಾವ ದಿನ ಹೋಗಿ ಕೂರಬೇಕು ಎಂದು ಗೊತ್ತುಮಾಡುವುದು ಮತ್ತು ಅವರು ಹೋಗಿ ಕೂರುವಂತೆ ನೋಡಿಕೊಳ್ಳುವುದು.

ಈ ಕೆಲಸವನ್ನು ಬಹುಕಾಲದಿಂದ ಶಿಸ್ತಾಗಿ ನಡೆಸಿಕೊಂಡು ಬಂದಿರುವುದು ಅಮೆರಿಕದ ಶಿಕಾಗೋ ನಗರದ ಜೋಸೆಫ್ ಜೆಫರ್ಸನ್ ಪ್ರಶಸ್ತಿ. 1968ರಲ್ಲಿ ಆರಂಭವಾದ ಈ ಪ್ರಶಸ್ತಿಯನ್ನು ಅಲ್ಲಿಯವರು ಚಿಕ್ಕದಾಗಿ ಜೆಫ್ ಎನ್ನುತ್ತಾರೆ. ಜೆಫರ್ಸನ್ ಬಾಲ್ಯದಲ್ಲಿಯೇ ತಂದೆಯ ನಾಟಕ ಮಂಡಳಿಯ ಜೊತೆ ಶಿಕಾಗೋಗೆ ಬಂದಿದ್ದ, ಮುಂದೆ 19ನೆಯ ಶತಮಾನದ ಅಮೆರಿಕದಲ್ಲಿ ಮನೆಮಾತಾದ ನಟ. ಅಲ್ಲಿ ಹೊಸ ನಾಟಕವೊಂದರ ಮೊದಲ ಪ್ರದರ್ಶನಕ್ಕೆ ಸಮಿತಿಯ ಸದಸ್ಯರ ಒಂದು ಚಿಕ್ಕ ತಂಡ ಹೋಗುತ್ತದೆ. ನಟನೆ, ನಿರ್ದೇಶನ, ರಂಗಸಜ್ಜಿಕೆ, ಬೆಳಕು, ವಸ್ತ್ರ ಇವುಗಳಲ್ಲಿ ಯಾವುದಾದರೂ ಅಸಾಧಾರಣವಾಗಿದೆ ಎಂದು ಅವರಲ್ಲಿ ಸಾಕಷ್ಟು ಮಂದಿಗೆ ತೋರಿದರೆ ಆ ನಾಟಕ ‘ಜೆಫ್ ಶಿಫಾರಸು’ ಪಡೆಯುತ್ತದೆ. ಆ ಬಳಿಕ, ಪ್ರದರ್ಶನಗಳು ಮುಗಿಯುವುದರೊಳಗೆ ಸಮಿತಿಯ ಉಳಿದ ಸದಸ್ಯರೂ ಹೋಗಿ ನೋಡಬೇಕು. ಹೀಗೆ ವರ್ಷಕ್ಕೆ ನೂರಕ್ಕೂ ಹೆಚ್ಚು ನಾಟಕಗಳು ಸಮಿತಿಯ ಕಣ್ಣ ಮುಂದೆ ಹಾದುಹೋಗುತ್ತವೆ. ಶಿಫಾರಸು ಪಡೆದ ತಂಡ ಮರುದಿನದಿಂದಲೇ ಅದನ್ನು ಜಾಹೀರಾತಿನಲ್ಲಿ ಹಾಕಿಕೊಳ್ಳಬಹುದು. ನನ್ನ ದೃಷ್ಟಿಯಲ್ಲಿ ಇಡೀ ಏರ್ಪಾಡಿನ ಅತ್ಯಂತ ಉಪಯುಕ್ತ ಅಂಶ ಇದೇ, ಏಕೆಂದರೆ ವರ್ಷಾಂತ್ಯದ ಫಲಕಕ್ಕಿಂತ, ನಾಟಕ ಇನ್ನೂ ನಡೆಯುತ್ತಿರುವಾಗ ಪ್ರೇಕ್ಷಕರನ್ನು ಕರೆತರುವ ಒಂದು ಮಾತು ತಂಡಕ್ಕೆ ಹೆಚ್ಚು ಬೇಕಾಗಿರುತ್ತದೆ.

ವೃತ್ತಿಪರರು ಯಾರು ಎಂಬುದನ್ನೂ ಅಲ್ಲಿ ಅಂದಾಜಿಗೆ ಬಿಟ್ಟಿಲ್ಲ. ಅಮೆರಿಕದ ರಂಗನಟರಿಗೆ 1913ರಲ್ಲಿ ಸ್ಥಾಪನೆಯಾದ ಆ್ಯಕ್ಟರ್ಸ್ ಈಕ್ವಿಟಿ ಎಂಬ ಕಾರ್ಮಿಕ ಸಂಘವಿದೆ. ಅದರ ಒಪ್ಪಂದದಂತೆ ಸಂಬಳ ಕೊಡುವ ತಂಡಗಳಿಗೆ ಜೆಫ್‌ನಲ್ಲಿ ಒಂದು ವಿಭಾಗ, ಉಳಿದವರಿಗೆ ಇನ್ನೊಂದು. ವಾಷಿಂಗ್ಟನ್ ನಗರದ ಹೆಲೆನ್ ಹೇಯ್ಸ್ ಪ್ರಶಸ್ತಿಯಲ್ಲಿಯೂ ಇಂಥದೇ ವಿಂಗಡಣೆಯಿದೆ. ಅದೇ ಊರಿನಲ್ಲಿ ಹುಟ್ಟಿದ ನಟಿಯೊಬ್ಬರ ಹೆಸರಿನ ಈ ಪ್ರಶಸ್ತಿ ಮೊದಲು ಪ್ರದಾನವಾದದ್ದು 1985ರಲ್ಲಿ. ಸಂಘದ ನಟರು ಹೆಚ್ಚಿರುವ ನಾಟಕಗಳನ್ನು ‘ಹೇಯ್ಸ್’ ಗುಂಪಿಗೂ, ಕಡಿಮೆಯಿರುವ ನಾಟಕಗಳನ್ನು ‘ಹೆಲೆನ್’ ಗುಂಪಿಗೂ ಸೇರಿಸುತ್ತಾರೆ. ದೊಡ್ಡ ಬಂಡವಾಳದ ರಂಗಮಂದಿರದೊಡನೆ ಐವತ್ತು ಕುರ್ಚಿಗಳ ಸಣ್ಣ ತಂಡ ಸೆಣಸಬೇಕಾಗಿಲ್ಲ ಎಂಬುದು ಇದರ ನ್ಯಾಯ.

ನಮ್ಮ ದೇಶದಲ್ಲಿ ರೂಢಿಯಾಗಿರುವ ಕ್ರಮ ಬೇರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯಾಗಲಿ, ಕರ್ನಾಟಕ ನಾಟಕ ಅಕಾಡೆಮಿಯಾಗಲಿ ಮುಖ್ಯವಾಗಿ ಗೌರವಿಸುವುದು ವ್ಯಕ್ತಿಯ ಹಲವು ವರ್ಷಗಳ ದುಡಿಮೆಯನ್ನು. ಗುಬ್ಬಿ ವೀರಣ್ಣನವರ ಹೆಸರಿನಲ್ಲಿ ರಾಜ್ಯ ಸರ್ಕಾರ ಕೊಡುವ ಪ್ರಶಸ್ತಿಯೂ ಅಂಥದೇ. ಅದು ಬೇಕು. ಬನಶಂಕರಿ ಜಾತ್ರೆಯಂಥ ಕಡೆ ಡೇರೆಯಲ್ಲಿ ಬದುಕು ಸವೆಸಿದ ಕಂಪನಿ ಕಲಾವಿದರಿಗೆ ಸಮಾಜ ತೀರಿಸಬೇಕಾದ ಋಣ ಅದು. ಆದರೆ ಈ ವರ್ಷ ಈ ತಂಡ ಆಡಿದ ಈ ನಾಟಕ ಹೇಗಿತ್ತು ಎಂಬುದಕ್ಕೆ ಅದು ಉತ್ತರ ಹೇಳುವುದಿಲ್ಲ. ಮೂವತ್ತರ ಹರೆಯದ ಬೆಳಕಿನ ವಿನ್ಯಾಸಕಿಯೊಬ್ಬಳು ಮಾಡಿದ ಒಳ್ಳೆಯ ಕೆಲಸ ಗುರುತಿಸಿಕೊಳ್ಳಲು ಅವಳ ಕೂದಲು ನೆರೆಯುವವರೆಗೆ ಕಾಯಬೇಕಾಗುತ್ತದೆ.

ಪ್ರಯೋಗಕ್ಕೇ ಕೊಡುವ ಪ್ರಶಸ್ತಿ ಎಂದರೆ ದೆಹಲಿಯಲ್ಲಿ 2006ರಿಂದ ನಡೆಯುತ್ತಿರುವ ಮಹೀಂದ್ರಾ ರಂಗಪ್ರಶಸ್ತಿ, ಅಂದರೆ ಮೆಟಾ. ದೇಶದ ನಾನಾ ಭಾಷೆಗಳ ತಂಡಗಳು ತಮ್ಮ ನಾಟಕದ ಚಿತ್ರೀಕರಣವನ್ನು ಕಳುಹಿಸುತ್ತವೆ. ಅವುಗಳಿಂದ ಆಯ್ದ ಹತ್ತು ನಾಟಕಗಳು ದೆಹಲಿಯ ವೇದಿಕೆಯಲ್ಲಿ ತೀರ್ಪುಗಾರರೆದುರು ನಡೆಯುತ್ತವೆ. ಕೊನೆಯ ಸುತ್ತು ಕಣ್ಣೆದುರೇ ನಡೆಯುತ್ತದೆ, ಸರಿ. ಮೊದಲ ಸುತ್ತು ಮಾತ್ರ ಕ್ಯಾಮೆರಾ ಕಂಡಷ್ಟೇ. ಸಮುದಾಯ ಭವನದ ಹಿಂದಿನ ಸಾಲಿನಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದ ಚಿತ್ರದಲ್ಲಿ ಮುಂದಿನವರ ತಲೆಗಳು ಕಾಣುತ್ತವೆ, ದೀಪದ ಕೆಳಗೆ ನಟನ ಮುಖ ಬರೀ ಬಿಳಿಯ ಮಚ್ಚೆಯಾಗುತ್ತದೆ, ಮಾತಿಗಿಂತ ಫ್ಯಾನಿನ ಸದ್ದೇ ಜೋರಾಗಿ ಕೇಳುತ್ತದೆ. ಒಳ್ಳೆಯ ಕ್ಯಾಮೆರಾ ಬಾಡಿಗೆಗೆ ತರಲಾಗದ ತಂಡ ಅಲ್ಲಿಯೇ ಹಿಂದೆ ಬೀಳುತ್ತದೆ.

ಇನ್ನು ಕೊಡಗಿನ ಮಾತು. ಇಲ್ಲಿಗೆ ನಾಟಕ ಹೊಸದೇನಲ್ಲ. 1868ರಲ್ಲಿ ಹುಟ್ಟಿದ ಹರದಾಸ ಅಪ್ಪಚ್ಚ ಕವಿಗಳು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಕಥೆಗಳನ್ನು ಕೊಡವ ಭಾಷೆಯ ನಾಟಕಗಳನ್ನಾಗಿ ಬರೆದರು. ಇಂದು ಮಡಿಕೇರಿಯಲ್ಲಿ ಕೊಡವ ಭಾಷೆಗೆ ಮತ್ತು ಕೊಡಗು, ಸುಳ್ಯದ ಕಡೆಯ ಕನ್ನಡದ ಒಂದು ಬಗೆಯಾದ ಅರೆಭಾಷೆಗೆ ಒಂದೊಂದು ಅಕಾಡೆಮಿಯಿದೆ. ಕೊರತೆ ಇರುವುದು ನಾಟಕದ ಮರುಪ್ರದರ್ಶನದಲ್ಲಿ. ಅಮೆರಿಕದ ಈ ಪ್ರಶಸ್ತಿಗಳು ಇಂತಿಷ್ಟು ಕನಿಷ್ಠ ಪ್ರದರ್ಶನಗಳಾದರೂ ಇರಬೇಕೆಂದು ಷರತ್ತು ಹಾಕುವುದು ತೀರ್ಪುಗಾರರಿಗೆ ಬಂದು ನೋಡಲು ಅವಕಾಶ ಸಿಗಬೇಕೆಂದೇ. ನಮ್ಮಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಸಿ, ಮಡಿಕೇರಿ ಅಥವಾ ಗೋಣಿಕೊಪ್ಪಲಿನ ದಸರಾ ವೇದಿಕೆಯಲ್ಲಿ ಒಂದು ರಾತ್ರಿ ಆಡಿ, ಬಣ್ಣ ಒರೆಸಿಕೊಂಡರೆ ಆ ನಾಟಕ ಬಹುತೇಕ ಮುಗಿದಂತೆಯೇ. ಅಂದು ಬರಲಾಗದ ತೀರ್ಪುಗಾರನಿಗೆ ಎರಡನೆಯ ಅವಕಾಶವಿಲ್ಲ.

ಆದ್ದರಿಂದ ಕೊಡಗಿಗೆ ಇಂಥ ಪ್ರಶಸ್ತಿ ಬೇಕೆನ್ನುವವರು ಮೊದಲು ಕೇಳಬೇಕಾದದ್ದು ಫಲಕದ ಖರ್ಚನ್ನಲ್ಲ, ಎರಡನೆಯ ಮತ್ತು ಮೂರನೆಯ ಪ್ರದರ್ಶನದ ಖರ್ಚನ್ನು. ಒಂದೇ ನಾಟಕ ಮಡಿಕೇರಿ, ಸೋಮವಾರಪೇಟೆ, ಪೊನ್ನಂಪೇಟೆ ಹೀಗೆ ಮೂರು ಕಡೆ ನಡೆಯಲಿ. ಕಾಲವೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಛಾವಣಿಯ ಭವನದಲ್ಲಿ ಮಳೆ ಹೊಡೆದರೆ ಮೂರನೆಯ ಸಾಲಿಗೇ ಮಾತು ಕೇಳಿಸುವುದಿಲ್ಲ. ಕಾಫಿ ಕೊಯ್ಲು ಜೋರಾದ ಮೇಲೆ ತೋಟದವರು ಕಲಾವಿದರಾಗಿಯೂ ಸಿಗುವುದಿಲ್ಲ, ಪ್ರೇಕ್ಷಕರಾಗಿಯೂ ಸಿಗುವುದಿಲ್ಲ. ಹೀಗಾಗಿ ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದಿಂದ ಭತ್ತದ ಸುಗ್ಗಿಹಬ್ಬವಾದ ಹುತ್ತರಿಯವರೆಗಿನ ವಾರಗಳು, ಮತ್ತೆ ಕೊಯ್ಲು ಮುಗಿದು ಮಳೆ ಹಿಡಿಯುವವರೆಗಿನ ವಾರಗಳು ಇಲ್ಲಿಯ ನಾಟಕದ ಕಾಲವಾಗಬಲ್ಲವು. ಸಂಬಳದ ಕಲಾವಿದರಿರುವ ಮೈಸೂರಿನ ರಂಗಾಯಣ, ಊರೂರು ಸುತ್ತುವ ನೀನಾಸಂ ತಿರುಗಾಟ ಮತ್ತು ಸಾಣೇಹಳ್ಳಿಯ ಶಿವಸಂಚಾರ ಇಲ್ಲಿಗೆ ಬಂದು ಆಡಿದರೆ ಅವುಗಳನ್ನು ಬೇರೆ ವಿಭಾಗದಲ್ಲಿ ತೂಗಬೇಕು. ಹಗಲೆಲ್ಲ ತೋಟದಲ್ಲೋ ಶಾಲೆಯಲ್ಲೋ ದುಡಿದು ರಾತ್ರಿ ತಾಲೀಮಿಗೆ ಬರುವವರನ್ನು ಅವರೊಡನೆ ಒಂದೇ ತಕ್ಕಡಿಯಲ್ಲಿ ಇಡುವುದು ಅನ್ಯಾಯ.

ತೀರ್ಪುಗಾರರ ಆಯ್ಕೆ ಇಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಒಕ್ಕದ, ಅಂದರೆ ಮನೆತನದ ಹೆಸರು ಕೇಳಿದರೆ ನಂಟು ಹೇಳಬಲ್ಲಷ್ಟು ಚಿಕ್ಕ ಜಿಲ್ಲೆ ನಮ್ಮದು. ನಟನ ಸೋದರಮಾವ ಅಂಕ ಹಾಕಿದನೆಂಬ ಮಾತು ಒಮ್ಮೆ ಹುಟ್ಟಿದರೆ ಆ ಪ್ರಶಸ್ತಿಯನ್ನು ಮತ್ತೆ ಯಾರೂ ನಂಬುವುದಿಲ್ಲ. ಮೈಸೂರು, ಹಾಸನ, ಸುಳ್ಯದ ಕಡೆಯಿಂದ ಕೆಲವರನ್ನು ಕರೆಸಿ, ಅವರ ಪ್ರಯಾಣ ಮತ್ತು ವಸತಿಯ ವೆಚ್ಚ ಭರಿಸುವುದು ಅನಿವಾರ್ಯ. ಅರೆಭಾಷೆಯ ನಾಟಕಕ್ಕೆ ಸುಳ್ಯದವರು ಸಲೀಸಾಗಿ ಕಿವಿಗೊಡುತ್ತಾರೆ. ಕೊಡವ ನಾಟಕಕ್ಕೆ ಮಾತ್ರ, ಆ ಭಾಷೆ ಬಲ್ಲವರು ತೀರ್ಪುಗಾರರ ತಂಡದಲ್ಲಿ ಇಬ್ಬರಾದರೂ ಇರಬೇಕು. ಬೆಳಕು, ಸಜ್ಜಿಕೆ, ಚಲನೆಗಳಿಗೆ ಎಲ್ಲರೂ ಅಂಕ ಕೊಡಲಿ, ಸಂಭಾಷಣೆಗೆ ಮತ್ತು ನಾಟಕರಚನೆಗೆ ಆ ಇಬ್ಬರಷ್ಟೇ ಕೊಡಲಿ. ನೋಡಿದ ರಾತ್ರಿಯೇ, ಪರಸ್ಪರ ಚರ್ಚಿಸದೆ, ಬರೆದು ಲಕೋಟೆಗೆ ಹಾಕಿ ಕೊಡಲಿ.