18ರ ಹುಡುಗನಿಗೆ 19ರ ನಿಯಮ ಅಡ್ಡ ಬರಲಿಲ್ಲವೇಕೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ 19 ವರ್ಷ ತುಂಬದವರು ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಸೇರುವಂತಿಲ್ಲ, ಅದಕ್ಕಾಗಿಯೇ ಪ್ರತಿಭಾವಂತರು ಕಾಲೇಜಿನಲ್ಲಿ ಒಂದು ವರ್ಷ ಆಡಿ ಹೊರಬೀಳುತ್ತಾರೆ ಎಂದು ಓದಿದ್ದೇನೆ. ಹಾಗಿದ್ದರೆ ಡ್ಯೂಕ್ ವಿಶ್ವವಿದ್ಯಾಲಯದ ಕೂಪರ್ ಫ್ಲಾಗ್ 2025ರಲ್ಲಿ 18ನೇ ವಯಸ್ಸಿಗೇ ಆಯ್ಕೆಯಾದದ್ದು ಹೇಗೆ? ಕಾಲೇಜಿನ ಆ ಒಂದು ವರ್ಷ ನಿಜಕ್ಕೂ ಕಡ್ಡಾಯವೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಕಾಲೇಜು ಕಡ್ಡಾಯವಲ್ಲ, ಹಿಂದೆಯೂ ಆಗಿರಲಿಲ್ಲ. ನಿಯಮ ಕೇಳುವುದು ಹುಡುಗನ ವಯಸ್ಸನ್ನು ಮತ್ತು ಆತ ಹೈಸ್ಕೂಲು ಮುಗಿಸಿ ಎಷ್ಟು ಕಾಲವಾಯಿತು ಎಂಬುದನ್ನು ಮಾತ್ರ. ನಡುವಿನ ಆ ವರ್ಷವನ್ನು ಆತ ಎಲ್ಲಿ ಕಳೆದ ಎಂಬುದು ಅದಕ್ಕೆ ಬೇಕಿಲ್ಲ. ಫ್ಲಾಗ್ ವಿಷಯ ಅರ್ಥವಾಗಬೇಕಾದರೆ ಅವರ ಜನ್ಮದಿನಾಂಕವನ್ನೂ ನಿಯಮದ ಮಾತುಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಎನ್‌ಬಿಎ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದವು ಎರಡು ಶರತ್ತುಗಳನ್ನು ಹಾಕಿದೆ. ಅಮೆರಿಕದ ಆಟಗಾರನ ಮಟ್ಟಿಗೆ ಎರಡೂ ಈಡೇರಲೇಬೇಕು. ಮೊದಲನೆಯದು, ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಪ್ರಕ್ರಿಯೆ) ನಡೆಯುವ ಕ್ಯಾಲೆಂಡರ್ ವರ್ಷ ಮುಗಿಯುವುದರೊಳಗೆ, ಅಂದರೆ ಆ ವರ್ಷದ ಡಿಸೆಂಬರ್ 31ರೊಳಗೆ, ಆತನಿಗೆ 19 ತುಂಬಬೇಕು. ಡ್ರಾಫ್ಟ್ ದಿನಕ್ಕೇ ತುಂಬಿರಬೇಕೆಂದಿಲ್ಲ, ಮತ್ತು ಓದುಗರು ಎಡವುವುದು ಇಲ್ಲಿಯೇ. ಎರಡನೆಯದು, ಆತ ಹೈಸ್ಕೂಲು ಮುಗಿಸಿದ ಮೇಲೆ ಎನ್‌ಬಿಎಯ ಕನಿಷ್ಠ ಒಂದು ಸೀಸನ್ ಕಳೆದಿರಬೇಕು. ಅಲ್ಲಿನ ಹೈಸ್ಕೂಲು 12ನೇ ತರಗತಿಯವರೆಗೆ ಇರುವುದರಿಂದ ಇದನ್ನು ನಮ್ಮ ದ್ವಿತೀಯ ಪಿಯುಸಿ ಮುಗಿಸಿದ ಮೇಲಿನ ವರ್ಷ ಎಂದುಕೊಳ್ಳಬಹುದು. ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟವನಿಗೆ ಆತನ ತರಗತಿಯವರು ಮುಗಿಸಿದ ವರ್ಷವೇ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಶಾಲೆ ತೊರೆದು ಬೇಗ ನುಗ್ಗುವ ದಾರಿ ಇಲ್ಲ.

ಫ್ಲಾಗ್ ಹುಟ್ಟಿದ್ದು 2006ರ ಡಿಸೆಂಬರ್ 21ರಂದು. 2025ರ ಡ್ರಾಫ್ಟ್ ಆರಂಭವಾದದ್ದು ಜೂನ್ 25ರ ರಾತ್ರಿ, ನಮ್ಮಲ್ಲಿ 26ರ ಬೆಳಗಿನ ಜಾವ. ಡಲ್ಲಾಸ್ ಮಾವೆರಿಕ್ಸ್ ತಂಡ ಅವರ ಹೆಸರನ್ನು ಮೊದಲನೆಯದಾಗಿ ಕೂಗಿಸಿದಾಗ ಅವರಿಗೆ ಹದಿನೆಂಟೂವರೆ ವರ್ಷ. ಅಕ್ಟೋಬರಿನಲ್ಲಿ ಮೊದಲ ಪಂದ್ಯಕ್ಕೆ ಅಂಗಣಕ್ಕಿಳಿದಾಗಲೂ 18 ದಾಟಿರಲಿಲ್ಲ. ಆದರೆ ಆ ವರ್ಷ ಮುಗಿಯಲು ಹತ್ತು ದಿನ ಉಳಿದಿರುವಾಗ ಅವರಿಗೆ 19 ತುಂಬುವುದಿತ್ತು, ನಿಯಮಕ್ಕೆ ಅಷ್ಟು ಸಾಕು. ಅವರು ಹನ್ನೊಂದು ದಿನ ತಡವಾಗಿ, 2007ರ ಜನವರಿ 1ರಂದು ಹುಟ್ಟಿದ್ದರೆ, ಅದೇ ಎತ್ತರ, ಅದೇ ಆಟ, ಅದೇ ಖ್ಯಾತಿ ಇಟ್ಟುಕೊಂಡು 2026ರವರೆಗೆ ಕಾಯಬೇಕಾಗುತ್ತಿತ್ತು. ಒಂದನೇ ತರಗತಿಯ ದಾಖಲಾತಿಗೆ ಜೂನ್ 1ರ ಗಡುವು ಇಟ್ಟು ಮಕ್ಕಳ ಜನ್ಮದಿನ ಎಣಿಸಿದ ನಮ್ಮ ತಾಯ್ತಂದೆಯರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಎರಡನೆಯ ಶರತ್ತೂ ಅವರಿಗೆ ತಾನಾಗಿ ಒದಗಿ ಬಂದದ್ದಲ್ಲ. ಮೊದಲಿನ ಲೆಕ್ಕದಂತೆ ಅವರು ಹೈಸ್ಕೂಲು ಮುಗಿಸಬೇಕಾದದ್ದು 2025ರಲ್ಲಿ. ಹಾಗೆ ಮಾಡಿದ್ದರೆ ವಯಸ್ಸು ಸರಿಹೊಂದಿದರೂ ‘ಒಂದು ಸೀಸನ್’ ಎಂಬ ಶರತ್ತು ಅವರನ್ನು ತಡೆಯುತ್ತಿತ್ತು. 2023ರಲ್ಲಿಯೇ ಅವರು ಒಂದು ವರ್ಷ ಮುಂದಿನ ತರಗತಿಗೆ ಸೇರಿಕೊಂಡು, 2024ರಲ್ಲಿ ಫ್ಲಾರಿಡಾದ ಮಾಂಟ್‌ವರ್ಡ್ ಅಕಾಡೆಮಿಯಿಂದ ಹೊರಬಂದು, 2024-25ರ ಸೀಸನ್ನನ್ನು ಡ್ಯೂಕ್‌ನಲ್ಲಿ ಆಡಿದರು. ಕ್ರೀಡೆಗಾಗಿ ತರಗತಿಯನ್ನು ಹಿಂದೆ ಮುಂದೆ ಸರಿಸುವುದು ಅಲ್ಲಿ ಬಚ್ಚಿಟ್ಟು ಮಾಡುವ ಕೆಲಸವಲ್ಲ, ಕುಟುಂಬಗಳು ಲೆಕ್ಕ ಹಾಕಿ ತೆಗೆದುಕೊಳ್ಳುವ ನಿರ್ಧಾರ.

ಕಾಲೇಜಿಗೆ ಹೋಗದೆ ಆ ವರ್ಷವನ್ನು ಕಳೆದವರ ಪಟ್ಟಿಯೇನೂ ಚಿಕ್ಕದಲ್ಲ. ಬ್ರ್ಯಾಂಡನ್ ಜೆನಿಂಗ್ಸ್ 2008ರಲ್ಲಿ ರೋಮ್ ನಗರದ ತಂಡಕ್ಕೆ ಸಂಬಳಕ್ಕೆ ಆಡಿ ಮರುವರ್ಷ ಹತ್ತನೆಯವರಾಗಿ ಆಯ್ಕೆಯಾದರು. ಲಮೆಲೊ ಬಾಲ್ ಆಸ್ಟ್ರೇಲಿಯಾದಲ್ಲಿ ಆಡಿ 2020ರಲ್ಲಿ ಮೂರನೆಯವರಾದರು. ಎನ್‌ಬಿಎ ತಾನೇ ತನ್ನ ಕಿರಿಯ ಲೀಗ್ ಆದ ಜಿ ಲೀಗ್‌ನೊಳಗೆ ಇಗ್ನೈಟ್ ಎಂಬ ತಂಡ ಕಟ್ಟಿ ಇಂಥ ಹುಡುಗರಿಗೆ ಸಂಬಳ ಕೊಟ್ಟಿತು. ಅಲ್ಲಿಂದ ಬಂದ ಜೇಲನ್ ಗ್ರೀನ್ 2021ರಲ್ಲಿ ಎರಡನೆಯವರಾದರು. 2024ರಲ್ಲಿ ಆ ತಂಡವನ್ನು ಮುಚ್ಚಲಾಯಿತು. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಭಾರತೀಯ ಓದುಗರಿಗೆ ಹೆಚ್ಚು ಹತ್ತಿರದ ಉದಾಹರಣೆ ಪಂಜಾಬಿನ ಬಲ್ಲೋ ಕೆ ಗ್ರಾಮದ ಸತ್ನಾಮ್ ಸಿಂಗ್. 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದ ಅವರು, ಹೈಸ್ಕೂಲು ಮುಗಿದ ಮೇಲೆ ಅಲ್ಲಿಯೇ ಇನ್ನೊಂದು ವರ್ಷ ಉಳಿದು, ಕಾಲೇಜಿನಲ್ಲಾಗಲಿ ವಿದೇಶಿ ಲೀಗಿನಲ್ಲಾಗಲಿ ಆಡದೆ 2015ರ ಡ್ರಾಫ್ಟ್‌ಗೆ ಹೆಸರು ಕೊಟ್ಟರು. ಡಲ್ಲಾಸ್ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರಲ್ಲಿ ಹೀಗೆ ಆಯ್ಕೆಯಾದ ಮೊದಲಿಗರು ಅವರೇ, ಆದರೆ ಎನ್‌ಬಿಎ ಪಂದ್ಯವನ್ನು ಆಡುವ ಅವಕಾಶ ಅವರಿಗೆ ಸಿಗಲಿಲ್ಲ. ಅವರು ಭಾರತೀಯರಲ್ಲವೇ, ವಿದೇಶಿಯರ ನಿಯಮವೇ ಅನ್ವಯಿಸಬೇಕಲ್ಲವೇ ಎಂದು ಕೇಳಬಹುದು. ಪಾಸ್‌ಪೋರ್ಟಿಗೂ ಇದಕ್ಕೂ ಸಂಬಂಧವಿಲ್ಲ. ಡ್ರಾಫ್ಟ್‌ಗೆ ಹಿಂದಿನ ಮೂರು ವರ್ಷವಾದರೂ ಅಮೆರಿಕದ ಹೊರಗೆ ನೆಲೆಸಿ ಆಡಿದ, ಅಲ್ಲಿನ ಹೈಸ್ಕೂಲು ಮುಗಿಸದ, ಅಲ್ಲಿನ ಕಾಲೇಜಿಗೆ ಸೇರದ ಆಟಗಾರನನ್ನು ಮಾತ್ರ ಒಪ್ಪಂದವು ಅಂತರರಾಷ್ಟ್ರೀಯ ಆಟಗಾರ ಎನ್ನುತ್ತದೆ. ಅಂಥವನಿಗೆ ಸೀಸನ್ ಕಳೆಯುವ ಶರತ್ತಿಲ್ಲ: 19 ತುಂಬುವ ವರ್ಷದಲ್ಲಿ ತಾನಾಗಿ ಹೆಸರು ಕೊಡಬಹುದು, ಕೊಡದಿದ್ದರೆ 22 ತುಂಬುವ ವರ್ಷದಲ್ಲಿ ತಂತಾನೇ ಅರ್ಹನಾಗುತ್ತಾನೆ. ಫ್ರಾನ್ಸಿನಲ್ಲೇ ಆಡುತ್ತಿದ್ದ ವಿಕ್ಟರ್ ವೆಂಬನ್ಯಾಮ 2023ರಲ್ಲಿ ಈ ಬಾಗಿಲಿನಿಂದಲೇ ಬಂದರು.

ಈ ನಿಯಮ ಎಲ್ಲಿಂದ ಬಂತು ಎಂಬುದು ನಿಯಮಕ್ಕಿಂತ ಸ್ವಾರಸ್ಯವಾದ ವಿಷಯ. 1970ರ ವೇಳೆಗೆ ಎನ್‌ಬಿಎಯ ಕಟ್ಟಳೆ ಇನ್ನೂ ಬಿಗಿಯಾಗಿತ್ತು. ಹೈಸ್ಕೂಲು ಮುಗಿಸಿ ನಾಲ್ಕು ವರ್ಷ ಕಳೆಯದವನನ್ನು ಯಾವ ತಂಡವೂ ಸೇರಿಸಿಕೊಳ್ಳುವಂತಿರಲಿಲ್ಲ. ಮಿಸಿಸಿಪ್ಪಿಯಲ್ಲಿ ಹುಟ್ಟಿ, 1968ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಸ್ಪೆನ್ಸರ್ ಹೇವುಡ್, ಪ್ರತಿಸ್ಪರ್ಧಿ ಲೀಗ್ ಆಗಿದ್ದ ಎಬಿಎಯ ಡೆನ್ವರ್ ತಂಡದಲ್ಲಿ ಒಂದು ಸೀಸನ್ ಆಡಿ ಅದರ ಅತ್ಯುತ್ತಮ ಆಟಗಾರ ಎನಿಸಿಕೊಂಡ ಮೇಲೆ, 1970ರಲ್ಲಿ ಸಿಯಾಟಲ್ ತಂಡದೊಂದಿಗೆ ಕರಾರು ಮಾಡಿಕೊಂಡರು. ನಾಲ್ಕು ವರ್ಷ ತುಂಬಲು ಇನ್ನೂ ಕೆಲವು ತಿಂಗಳು ಬಾಕಿಯಿತ್ತು. ಲೀಗ್ ಆಕ್ಷೇಪಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, 1971ರ ಮಾರ್ಚ್‌ನಲ್ಲಿ ಹೇವುಡ್ ಆಡಲು ಅನುಮತಿ ದೊರೆಯಿತು. ಅಂಗಣದಲ್ಲಿ ಅಕ್ರಮ ಆಟಗಾರನೊಬ್ಬನಿದ್ದಾನೆ ಎಂದು ಆಗ ಧ್ವನಿವರ್ಧಕದಲ್ಲಿ ಸಾರುತ್ತಿದ್ದರೆಂದು ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ.

ಆ ಸೋಲಿನ ನಂತರ ಎನ್‌ಬಿಎ, ಹಣದ ಮುಗ್ಗಟ್ಟಿನಲ್ಲಿದ್ದೇನೆ ಎಂದು ತೋರಿಸಿದವರಿಗೆ ಮಾತ್ರ ವಿನಾಯಿತಿ ಕೊಡುವ ಪದ್ಧತಿ ತಂದಿತು. ಕೆಲವೇ ವರ್ಷಗಳಲ್ಲಿ ಆ ನಾಟಕವೂ ಮುಗಿದು, ಬೇಕಾದವರು ಹೆಸರು ಕೊಡಬಹುದು ಎಂಬಲ್ಲಿಗೆ ಬಂದು ನಿಂತಿತು. 1995ರಲ್ಲಿ ಕೆವಿನ್ ಗಾರ್ನೆಟ್ ಹೈಸ್ಕೂಲಿನಿಂದ ನೇರವಾಗಿ ಬಂದು ಐದನೆಯವರಾಗಿ ಆಯ್ಕೆಯಾದ ಮೇಲೆ ಬಾಗಿಲು ಪೂರ್ತಿ ತೆರೆಯಿತು: ಮರುವರ್ಷ ಕೋಬಿ ಬ್ರಯಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್, 2004ರಲ್ಲಿ ಡ್ವೈಟ್ ಹೊವಾರ್ಡ್. ಇನ್ನೊಂದು ಬದಿಯಲ್ಲಿ ಲೆನಿ ಕುಕ್ ಇದ್ದಾರೆ; ಹೈಸ್ಕೂಲಿನಲ್ಲಿ ದೇಶದ ಮುಂಚೂಣಿಯ ಆಟಗಾರರಲ್ಲಿ ಒಬ್ಬರೆನಿಸಿದ್ದ ಅವರನ್ನು 2002ರಲ್ಲಿ ಯಾವ ತಂಡವೂ ಆರಿಸಲಿಲ್ಲ, ಎನ್‌ಬಿಎಯಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. 2001ರಲ್ಲಿ ಹೈಸ್ಕೂಲಿನಿಂದಲೇ ಮೊದಲನೆಯವರಾಗಿ ಬಂದ ಕ್ವಾಮೆ ಬ್ರೌನ್ ಅವರನ್ನು ಅವಸರದ ಆಯ್ಕೆಗೆ ಉದಾಹರಣೆಯಾಗಿ ಇಂದಿಗೂ ತೋರಿಸುತ್ತಾರೆ. ಹನ್ನೆರಡು ಸೀಸನ್ ಎನ್‌ಬಿಎಯಲ್ಲಿ ಉಳಿದವರನ್ನು ಸೋತವರೆಂದು ಕರೆಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಅಂದಿನ ಆಯುಕ್ತ ಡೇವಿಡ್ ಸ್ಟರ್ನ್ 20ರ ಮಿತಿ ಕೇಳಿದ್ದರು. 2005ರ ಒಪ್ಪಂದದಲ್ಲಿ 19ಕ್ಕೆ ರಾಜಿಯಾಯಿತು, 2006ರ ಡ್ರಾಫ್ಟ್‌ನಿಂದ ಜಾರಿಗೆ ಬಂತು. ಹೊಸ ನಿಯಮಕ್ಕೆ ಮುನ್ನ ಬಂದ ಆಂಡ್ರೂ ಬೈನಮ್ 18 ವರ್ಷ 6 ದಿನಗಳ ವಯಸ್ಸಿನಲ್ಲಿ ಮೊದಲ ಪಂದ್ಯ ಆಡಿದರು. ಡಿಸೆಂಬರ್ 31ರಂದು ಹುಟ್ಟಿದವನೂ ಈಗ ಅಕ್ಟೋಬರಿನಲ್ಲಿ ಆಡಲಿಳಿಯುವ ಹೊತ್ತಿಗೆ ಹದಿನೆಂಟು ಮುಕ್ಕಾಲು ದಾಟಿರುವುದರಿಂದ, ನಿಯಮ ಇರುವಷ್ಟು ಕಾಲ ಆ ದಾಖಲೆ ಭದ್ರ. ಹುಡುಗರ ಹಿತಕ್ಕಾಗಿ ಎಂಬ ಮಾತು ಆಗ ಸಾಕಷ್ಟು ಕೇಳಿಬಂತು. ಆದರೆ ಇದರಿಂದ ನೇರ ಲಾಭವಾದದ್ದು ತಂಡಗಳಿಗೆ ಎಂದೇ ನನ್ನ ಅಭಿಪ್ರಾಯ: ಕೋಟಿಗಟ್ಟಲೆ ಹಣ ಸುರಿಯುವ ಮುನ್ನ, ಹೈಸ್ಕೂಲಿಗಿಂತ ಗಟ್ಟಿ ಎದುರಾಳಿಗಳ ಮುಂದೆ ಆ ಹುಡುಗ ಹೇಗೆ ನಿಲ್ಲುತ್ತಾನೆಂದು ಬೇರೆಯವರ ಖರ್ಚಿನಲ್ಲಿ ಒಂದು ವರ್ಷ ನೋಡಬಹುದಲ್ಲ.

1971ರಲ್ಲಿ ಕೋರ್ಟಿನಲ್ಲಿ ಬಿದ್ದ ನಿಯಮದ ತಮ್ಮನಂತಿರುವ ಈ ನಿಯಮ ಇಂದು ಹೇಗೆ ನಿಂತಿದೆ? ವ್ಯತ್ಯಾಸವಿರುವುದು ಅದನ್ನು ಯಾರು ಮಾಡಿದರು ಎಂಬಲ್ಲಿ. ಹೇವುಡ್ ಕಾಲದ ಕಟ್ಟಳೆ ತಂಡಗಳ ಮಾಲೀಕರು ತಮ್ಮೊಳಗೇ ಮಾಡಿಕೊಂಡದ್ದು, ಹಾಗಾಗಿ ಸ್ಪರ್ಧೆಯನ್ನು ಹತ್ತಿಕ್ಕುವ ಕೂಟದ ವಿರುದ್ಧದ ಕಾನೂನಿನ ಕೈಗೆ ಸಿಕ್ಕಿತು. ಈಗಿನದು ಆಟಗಾರರ ಸಂಘದೊಂದಿಗೆ ಚೌಕಾಸಿ ಮಾಡಿ ಬರೆದ ಒಪ್ಪಂದದ ಭಾಗ. ಕಾರ್ಮಿಕ ಸಂಘದೊಂದಿಗಿನ ಇಂಥ ಒಪ್ಪಂದಗಳಿಗೆ ಆ ಕಾನೂನು ತಟ್ಟುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಹೈಸ್ಕೂಲಿನ ನಂತರ ಮೂರು ಸೀಸನ್ ಕಾಯಿಸುತ್ತದೆ. ಮೋರಿಸ್ ಕ್ಲಾರೆಟ್ ಅದನ್ನು ಪ್ರಶ್ನಿಸಿ 2004ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತದ್ದು ಇದೇ ಕಾರಣಕ್ಕೆ. ಗಮನಿಸಬೇಕಾದ ಸಂಗತಿಯೆಂದರೆ, ಚೌಕಾಸಿಗೆ ಕೂರುವ ಸಂಘದಲ್ಲಿ ಈಗಾಗಲೇ ಆಡುತ್ತಿರುವವರು ಮಾತ್ರ ಇರುತ್ತಾರೆ, ನಿಯಮ ತಟ್ಟುವ 18ರ ಹುಡುಗ ಅದರ ಸದಸ್ಯನೇ ಅಲ್ಲ, ಮತ್ತು ಆತ ಬಂದರೆ ಹೋಗುವುದು ಹಳೆಯ ಸದಸ್ಯನೊಬ್ಬನ ಜಾಗ. 2023ರ ಒಪ್ಪಂದಕ್ಕೆ ಮುನ್ನ ಮಿತಿಯನ್ನು 18ಕ್ಕೆ ಇಳಿಸುವ ಮಾತು ಬಂದು, ಅಲ್ಲಿಯೇ ನಿಂತಿತು.

ಅರ್ಹತೆ ಇದ್ದ ಮಾತ್ರಕ್ಕೆ ಹೆಸರು ಪಟ್ಟಿಗೆ ಬರುವುದಿಲ್ಲ. ಕಾಲೇಜಿನ ನಾಲ್ಕು ವರ್ಷ ಮುಗಿಸದವನು ಡ್ರಾಫ್ಟ್‌ಗೆ 60 ದಿನ ಮುಂಚೆ ಲಿಖಿತವಾಗಿ ತಿಳಿಸಬೇಕು. ಮನಸ್ಸು ಬದಲಾದರೆ ಎನ್‌ಬಿಎ ಲೆಕ್ಕದಲ್ಲಿ ಡ್ರಾಫ್ಟ್‌ಗೆ ಹತ್ತು ದಿನವಿರುವವರೆಗೂ ಹಿಂದೆಗೆಯಬಹುದು, ಆದರೆ ಕಾಲೇಜಿಗೆ ಮರಳಬೇಕೆಂದಿರುವವನು ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಇಟ್ಟಿರುವ ಇನ್ನೂ ಮುಂಚಿನ ಗಡುವನ್ನು ಪಾಲಿಸಬೇಕು. ಅರ್ಹತೆಯ ಗಡಿಯಾರ ಎರಡು ಕೈಗಳಲ್ಲಿದೆ ಎಂಬುದು ಇಲ್ಲಿ ಕಾಣುತ್ತದೆ: ಬರುವ ಬಾಗಿಲು ಎನ್‌ಬಿಎಯದ್ದು, ಹಿಂದಿರುಗುವ ಬಾಗಿಲು ಎನ್‌ಸಿಎಎಯದ್ದು. ಮಹಿಳೆಯರ ಲೆಕ್ಕವೇ ಬೇರೆ. 2025ರ ಡ್ರಾಫ್ಟ್‌ನಲ್ಲೂ ಡಬ್ಲ್ಯುಎನ್‌ಬಿಎ ಅಮೆರಿಕದ ಆಟಗಾರ್ತಿಗೆ ಆ ವರ್ಷ 22 ತುಂಬಬೇಕು, ಇಲ್ಲವೇ ಪದವಿ ಮುಗಿದಿರಬೇಕು, ಇಲ್ಲವೇ ಹೈಸ್ಕೂಲಿನಿಂದ ನಾಲ್ಕು ವರ್ಷ ಕಳೆದಿರಬೇಕು ಎನ್ನುತ್ತಿತ್ತು. ಪೇಜ್ ಬೆಕರ್ಸ್ 2024ರಲ್ಲೇ ಅರ್ಹರಾಗಿದ್ದರೂ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲೇ ಉಳಿದು, ಪ್ರಶಸ್ತಿ ಗೆದ್ದು, 2025ರಲ್ಲಿ ಮೊದಲನೆಯವರಾಗಿ ಹೋದರು.

ಈಗ ಇಗ್ನೈಟ್ ತಂಡದ ವಿಷಯ. 2021ರ ಜುಲೈ 1ರಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಮುಖದ ಬಳಕೆಗೆ ಹಣ ಪಡೆಯಬಹುದಾಯಿತು. 2025ರ ಜುಲೈನಿಂದ ಕಾಲೇಜುಗಳೇ ತಮ್ಮ ಆದಾಯದಲ್ಲಿ ಪಾಲು ಕೊಡತೊಡಗಿದವು. ಕಾಲೇಜಿನಲ್ಲೇ ಹಣ ಸಿಗುವಾಗ ಸಂಬಳ ಕೊಡುವ ಬೇರೊಂದು ತಂಡದ ಅಗತ್ಯ ಉಳಿಯಲಿಲ್ಲ. 2021ರಲ್ಲಿ 350ಕ್ಕೂ ಹೆಚ್ಚು ಮಂದಿ ಅವಧಿಗೆ ಮುನ್ನ ಡ್ರಾಫ್ಟ್‌ಗೆ ಹೆಸರು ಕೊಟ್ಟಿದ್ದರೆ, 2025ರಲ್ಲಿ ಹಾಗೆ ಕೊಟ್ಟವರು 106 ಮಾತ್ರ. ಮೊದಲ ಸುತ್ತಿನ ಕೊನೆಯಲ್ಲೋ ಎರಡನೆಯ ಸುತ್ತಿನಲ್ಲೋ ಬರಬಹುದಾದ ಆಟಗಾರನಿಗೆ ಇನ್ನೊಂದು ವರ್ಷ ಕಾಲೇಜಿನಲ್ಲಿ ಉಳಿಯುವುದೇ ಲಾಭದಾಯಕವಾಗಬಹುದು.

ಈಗಂತೂ ಹರಿವು ಎದುರು ದಿಕ್ಕಿಗೂ ಶುರುವಾಗಿದೆ. ಜಿ ಲೀಗ್‌ನಲ್ಲಿ ಸಂಬಳಕ್ಕೆ ಆಡಿದವರನ್ನು 2025ರಲ್ಲಿ ಕಾಲೇಜು ತಂಡಗಳು ಸೇರಿಸಿಕೊಂಡವು. 2023ರ ಡ್ರಾಫ್ಟ್‌ನಲ್ಲಿ 31ನೆಯವರಾಗಿ ಆಯ್ಕೆಯಾಗಿಯೂ ಎನ್‌ಬಿಎ ಕರಾರಿಗೆ ಸಹಿ ಹಾಕದೆ ಬಾರ್ಸಿಲೋನಾದಲ್ಲಿ ಆಡಿದ್ದ ನೈಜೀರಿಯಾದ ಜೇಮ್ಸ್ ನಾಜಿ, 2025ರ ಡಿಸೆಂಬರಿನಲ್ಲಿ ಬೇಯ್ಲರ್ ವಿಶ್ವವಿದ್ಯಾಲಯದ ತಂಡಕ್ಕೆ ಸೇರಿದಾಗ, ಬೇರೆ ತಂಡಗಳ ತರಬೇತುದಾರರು ಕೆರಳಿದರು. ಎನ್‌ಬಿಎ ಕರಾರಿಗೆ ಸಹಿ ಹಾಕಿದವರಿಗೆ ಅವಕಾಶವಿಲ್ಲ ಎಂದು ಎನ್‌ಸಿಎಎ ಅಧ್ಯಕ್ಷ ಚಾರ್ಲಿ ಬೇಕರ್ ಹೇಳಿದರು. ಡ್ರಾಫ್ಟ್‌ನಲ್ಲಿ ಹೆಸರು ಬಂದವರಿಗೆ ಅವಕಾಶವಿಲ್ಲ ಎಂದು ಮಾತ್ರ ಹೇಳಲಿಲ್ಲ.