ತನ್ನ ಜಾಗ ಬಲ್ಲ ಕಾರು, ಹೊಸ ದಾರಿ ಅರಿಯದ ನಕ್ಷೆ

ಉದ್ದನೆಯ ಸುರಂಗದೊಳಗೆ ಕಾರು ಸಾಗುತ್ತಿರುವಾಗ ಮೊಬೈಲ್ ಫೋನಿನ ನಕ್ಷೆಯ ಮೇಲಿನ ಗುರುತು ಎಷ್ಟೋ ಸಲ ನಿಂತಲ್ಲೇ ನಿಂತುಬಿಡುತ್ತದೆ, ಇಲ್ಲವೇ ಬರಿಯ ಅಂದಾಜಿನ ಮೇಲೆ ಮುಂದಕ್ಕೆ ಜಾರುತ್ತದೆ. ಅದೇ ಹೊತ್ತಿನಲ್ಲಿ, ಡ್ಯಾಶ್‌ಬೋರ್ಡಿನಲ್ಲೇ ಅಳವಡಿಸಿರುವ ನ್ಯಾವಿಗೇಷನ್ ವ್ಯವಸ್ಥೆಯ ಗುರುತು ಕಾರಿನ ವೇಗಕ್ಕೆ ತಕ್ಕಂತೆ ಚಲಿಸುತ್ತದೆ. ಸುರಂಗದೊಳಗೆ ರಸ್ತೆ ಕವಲೊಡೆದರೆ, ಕಾರು ಹಿಡಿದ ಕವಲನ್ನೇ ಹಿಡಿಯುತ್ತದೆ. ಆದರೆ ಸುರಂಗ ದಾಟಿ, ಈಚೆಗೆ ತೆರೆದ ಹೊಸ ರಸ್ತೆಗೆ ಇಳಿದ ಕೂಡಲೇ ಆ ವ್ಯವಸ್ಥೆ ಕಾರನ್ನು ಬಯಲಿನ ನಡುವೆ ತೋರಿಸತೊಡಗುವುದೂ ಉಂಟು. ಈ ಬಲಕ್ಕೂ ಈ ದೌರ್ಬಲ್ಯಕ್ಕೂ ಬೇರು ಒಂದೇ: ವ್ಯವಸ್ಥೆಯನ್ನು ಕಾರಿನ ದೇಹಕ್ಕೆ ಬೆಸೆದಿರುವುದು.

ಮೊದಲು ಉಪಗ್ರಹಗಳ ಕೆಲಸವನ್ನು ನೋಡೋಣ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ತಮ್ಮ ಸ್ಥಾನವನ್ನೂ ಸಮಯವನ್ನೂ ರೇಡಿಯೊ ಸಂಕೇತಗಳಲ್ಲಿ ಸಾರುತ್ತಿರುತ್ತವೆ. ಸಂಕೇತ ಬಂದು ತಲುಪಲು ಹಿಡಿದ ಸಮಯವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಉಪಗ್ರಹದ ದೂರ ತಿಳಿಯುತ್ತದೆ. ಇಂಥ ನಾಲ್ಕು ಉಪಗ್ರಹಗಳು ಸಿಕ್ಕರೆ ಕಾರಿನ ಸ್ಥಾನವೂ, ಕಾರಿನಲ್ಲಿರುವ ಸಾಧಾರಣ ಗಡಿಯಾರದ ತಪ್ಪೂ ಒಟ್ಟಿಗೇ ಲೆಕ್ಕಕ್ಕೆ ಬರುತ್ತವೆ. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಉಪಗ್ರಹದ ಪರಮಾಣು ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ದೂರದ ಲೆಕ್ಕದಲ್ಲಿ ಒಂದೇ ದಿನಕ್ಕೆ ಹತ್ತು ಕಿಲೋಮೀಟರಿಗೂ ಮೀರಿದ ತಪ್ಪು ಸೇರುತ್ತದೆ. ಇಷ್ಟು ಎಚ್ಚರದಿಂದ ಕಳುಹಿಸಿದ ಸಂಕೇತ ನೆಲಕ್ಕೆ ಬರುವಷ್ಟರಲ್ಲಿ ತೀರಾ ಕ್ಷೀಣವಾಗಿರುತ್ತದೆ; ಕಾಂಕ್ರೀಟ್ ಚಾವಣಿಯನ್ನು ಅದು ದಾಟಲಾರದು, ಎತ್ತರದ ಕಟ್ಟಡಗಳ ನಡುವೆ ಗೋಡೆಗಳಿಗೆ ಬಡಿದು ಸುತ್ತುಬಳಸಿ ಬಂದು ದೂರದ ಲೆಕ್ಕವನ್ನು ಹತ್ತಾರು ಮೀಟರ್‌ಗಳಷ್ಟು ಕೆಡಿಸುತ್ತದೆ.

ಇಲ್ಲಿಯೇ ಕಾರಿನೊಳಗಿನ ವ್ಯವಸ್ಥೆ ಮುಂದಿರುವುದು. ಬ್ರೇಕ್ ಹಾಕಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳಲು ಪ್ರತಿ ಚಕ್ರದ ಬಳಿಯೂ ಒಂದು ಸಂವೇದಕ ಇರುತ್ತದೆ; ಚಕ್ರ ಸುತ್ತಿದಂತೆಲ್ಲ ಅದು ಮಿಡಿತಗಳನ್ನು ಕಳುಹಿಸುತ್ತದೆ. ಆ ಮಿಡಿತಗಳನ್ನು ಎಣಿಸಿದರೆ ಕಾರು ಕ್ರಮಿಸಿದ ದೂರ ಸಿಗುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳುವುದರಿಂದ ಕಾರು ಎತ್ತ ತಿರುಗಿತೆಂಬುದೂ ಗೊತ್ತಾಗುತ್ತದೆ. ತಿರುಗುವಿಕೆಯನ್ನು ಅಳೆಯುವ ಗೈರೋಸ್ಕೋಪ್ ಎಂಬ ಸಾಧನ ಅದನ್ನು ಇನ್ನಷ್ಟು ಖಚಿತಪಡಿಸುತ್ತದೆ. ಹೀಗೆ ಗೊತ್ತಿರುವ ಒಂದು ಬಿಂದುವಿನಿಂದ ದೂರ ಮತ್ತು ದಿಕ್ಕುಗಳನ್ನು ಕೂಡಿಸುತ್ತಾ ಹೋಗುವ ಈ ಪದ್ಧತಿ ಹಡಗುಗಳ ಕಾಲದಿಂದಲೂ ಇದೆ. ಅದರ ತೊಡಕೆಂದರೆ ಸಣ್ಣ ತಪ್ಪುಗಳು ಕರಗದೆ ಕೂಡುತ್ತಲೇ ಹೋಗುತ್ತವೆ. ಟೈರಿನ ಮೇಲ್ಪದರ ಆರು ಮಿಲಿಮೀಟರ್ ಸವೆದರೆ ಚಕ್ರದ ತ್ರಿಜ್ಯ ಹೆಚ್ಚುಕಡಿಮೆ ಶೇಕಡಾ 2ರಷ್ಟು ಕುಗ್ಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ 20 ಮೀಟರ್ ತಪ್ಪು. ಅದಕ್ಕಾಗಿಯೇ ಉಪಗ್ರಹ ಸ್ಪಷ್ಟವಾಗಿ ಕಾಣುವಷ್ಟು ಹೊತ್ತೂ ವ್ಯವಸ್ಥೆ ಚಕ್ರದ ಅಳತೆಯನ್ನು ಸದ್ದಿಲ್ಲದೆ ತಿದ್ದಿಕೊಳ್ಳುತ್ತಿರುತ್ತದೆ. ಯಾವ ಮೂಲವನ್ನು ಯಾವ ಗಳಿಗೆಯಲ್ಲಿ ಎಷ್ಟು ನಂಬಬೇಕೆಂದು ತೂಗಿನೋಡುವ ಗಣಿತಕ್ಕೆ 1960ರಲ್ಲಿ ಎಂಜಿನಿಯರ್ ರುಡಾಲ್ಫ್ ಕಾಲ್ಮನ್ ಅಡಿಪಾಯ ಹಾಕಿದರು. ಅಪೋಲೊ ನೌಕೆಗಳ ಪಯಣಕ್ಕೆ ಬಳಕೆಯಾದ ಅದೇ ಬಗೆಯ ಲೆಕ್ಕ ಇಂದು ಕಾರುಗಳಲ್ಲೂ ನಡೆಯುತ್ತಿದೆ.

ಕಾರಿನ ದಾರಿಸೂಚಕದ ಇತಿಹಾಸ ಶುರುವಾದದ್ದೇ ಉಪಗ್ರಹವಿಲ್ಲದೆ ಎಂಬುದನ್ನು ಇಲ್ಲಿ ನೆನೆಯಬೇಕು. 1981ರಲ್ಲಿ ಹೊಂಡಾ ಹೊರತಂದ ಎಲೆಕ್ಟ್ರೋ ಗೈರೋಕೇಟರ್‌ನಲ್ಲಿ ಅನಿಲದ ಹರಿವನ್ನು ಬಳಸುವ ಗೈರೋಸ್ಕೋಪ್ ಇತ್ತು. ಪರದೆಯ ಮುಂದೆ ಪಾರದರ್ಶಕ ಹಾಳೆಯ ನಕ್ಷೆಯನ್ನು ಸಿಕ್ಕಿಸಬೇಕಿತ್ತು. 1985ರಲ್ಲಿ ಅಮೆರಿಕದ ಇಟ್ಯಾಕ್ ಸಂಸ್ಥೆ ಕ್ಯಾಸೆಟ್ ಟೇಪುಗಳಲ್ಲಿ ಡಿಜಿಟಲ್ ನಕ್ಷೆ ತಂದಿತು. ಲೆಕ್ಕದಿಂದ ಬಂದ ಸ್ಥಾನವನ್ನು ನಕ್ಷೆಯ ರಸ್ತೆಯೊಂದಿಗೆ ಹೊಂದಿಸುವ ಉಪಾಯವನ್ನು ಮಾರುಕಟ್ಟೆಯ ಸಾಧನದಲ್ಲಿ ಕಾಣಿಸಿದ್ದು ಆ ಸಂಸ್ಥೆಯ ಹಿರಿಮೆ. ಕತ್ತಲೆಯಲ್ಲಿ ಹೆಜ್ಜೆ ಎಣಿಸಿಕೊಂಡು ನಡೆಯುವವರು ಕೈಗೆ ಗೋಡೆ ತಗುಲಿದೊಡನೆ ತಮ್ಮ ಎಣಿಕೆಯನ್ನು ತಿದ್ದಿಕೊಳ್ಳುವ ಹಾಗೆ, ಕಾರು ತಿರುಗಿದ ಕಡೆ ನಕ್ಷೆಯಲ್ಲೂ ಒಂದು ತಿರುವು ಇರಲೇಬೇಕೆಂಬ ನಂಬಿಕೆಯಿಂದ ಆ ಸಾಧನ ತನ್ನ ಸ್ಥಾನವನ್ನು ಸರಿಪಡಿಸಿಕೊಳ್ಳುತ್ತಿತ್ತು. ಕಾರ್ಖಾನೆಯಲ್ಲೇ ಜಿಪಿಎಸ್ ಅಳವಡಿಸಿದ ಮೊದಲ ಕಾರುಗಳಲ್ಲಿ 1990ರ ಮಾಜ್ದಾ ಯೂನೋಸ್ ಕಾಸ್ಮೊ ಒಂದು. ನಾಗರಿಕ ಬಳಕೆಯ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುತ್ತಿದ್ದ ಅಮೆರಿಕ 2000ದ ಮೇ ತಿಂಗಳ ಆರಂಭದಲ್ಲಿ ಅದನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಸುಮಾರು 100 ಮೀಟರ್ ಇರಬಹುದಾಗಿದ್ದ ತಪ್ಪು ಬಹಳಷ್ಟು ಇಳಿಯಿತು.

ನಕ್ಷೆಯೊಂದಿಗೆ ಹೊಂದಿಸುವ ಇದೇ ಜಾಣತನ ನಕ್ಷೆ ಹಳತಾದಾಗ ತಿರುಗಿ ಬೀಳುತ್ತದೆ. ಕಾರು ರಸ್ತೆಯ ಮೇಲೆಯೇ ಇದೆ ಎಂದು ನಂಬುವ ಲೆಕ್ಕಕ್ಕೆ, ನಕ್ಷೆಯಲ್ಲಿ ಇಲ್ಲದ ರಸ್ತೆ ಎದುರಾದರೆ, ಪಕ್ಕದ ಹಳೆಯ ರಸ್ತೆಗೆ ಗುರುತನ್ನು ಎಳೆದು ಅಂಟಿಸುವುದೇ ಸರಿಯೆನಿಸುತ್ತದೆ. ಆಗ ಇಲ್ಲದ ತಿರುವಿಗೆ ತಿರುಗಿರೆಂಬ ಸೂಚನೆಗಳು ಬರತೊಡಗುತ್ತವೆ. ಕಾರಿನ ವಿನ್ಯಾಸ ನಿರ್ಧಾರವಾಗುವುದು ಮಾರಾಟಕ್ಕೆ ಹಲವು ವರ್ಷ ಮೊದಲು. ಕಾರು ರಸ್ತೆಯಲ್ಲಿರುವುದು ಹತ್ತು ಹದಿನೈದು ವರ್ಷ. ಅಷ್ಟರಲ್ಲಿ ಪ್ರೊಸೆಸರ್, ಮೆಮೊರಿ, ನೆಟ್‌ವರ್ಕ್ ಎಲ್ಲವೂ ಹಳತಾಗಿರುತ್ತವೆ. 2022ರಲ್ಲಿ ಅಮೆರಿಕದ ಮೊಬೈಲ್ ಸಂಸ್ಥೆಗಳು 3ಜಿ ಸೇವೆಯನ್ನು ನಿಲ್ಲಿಸಿದಾಗ, ಅದನ್ನೇ ನೆಚ್ಚಿಕೊಂಡಿದ್ದ ಅನೇಕ ಕಾರುಗಳ ಸಂಪರ್ಕಸೇವೆಗಳು ಒಮ್ಮೆಗೇ ಸ್ತಬ್ಧವಾದವು. ಯಂತ್ರವಾಗಿ ಆ ಕಾರುಗಳಿಗೆ ಯಾವ ಕೊರತೆಯೂ ಇರಲಿಲ್ಲ. ಜಿಪಿಎಸ್ ವಾರಗಳನ್ನು ಎಣಿಸುವ ಹಳೆಯ ಕ್ರಮ 1,024 ವಾರಗಳಿಗೊಮ್ಮೆ ಸೊನ್ನೆಗೆ ಮರಳುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಮರಳಿತು. ಅದಕ್ಕೆ ಸಿದ್ಧವಿಲ್ಲದ ಸಾಧನಗಳು ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತವೆ. ಹಣ ಕೊಟ್ಟು ಕೊಂಡ ಕಾರಿನ ನಕ್ಷೆಯನ್ನು ಹೊಸದಾಗಿಸಿಕೊಳ್ಳಲು ಮಾಲೀಕರು ಮತ್ತೆ ಹಣ ತೆರಬೇಕಾಗುವುದು ನನ್ನ ದೃಷ್ಟಿಯಲ್ಲಿ ಸಮರ್ಥಿಸಲಾಗದ ನೀತಿ. ಬ್ರೇಕಿನ ತಂತ್ರಾಂಶದಲ್ಲಿ ದೋಷ ಕಂಡರೆ ತಿದ್ದುವ ಹೊಣೆ ತಯಾರಕರದ್ದೆಂದು ಒಪ್ಪುವ ನಾವು, ಏಕಮುಖವಾಗಿ ಬದಲಾದ ರಸ್ತೆಗೆ ಎದುರಿನಿಂದ ನುಗ್ಗಿಸುವ ನಕ್ಷೆಯನ್ನೇಕೆ ಬೇರೆಯಾಗಿ ಕಾಣಬೇಕು?

ವಿಳಾಸ ತುಂಬಿಸುವ ಪಾಡು ಎಲ್ಲರಿಗೂ ಗೊತ್ತಿರುವಂಥದ್ದು. ಊರು, ಬೀದಿ, ಮನೆಸಂಖ್ಯೆ ಎಂಬ ಕ್ರಮವನ್ನು ಬಿಟ್ಟುಕೊಡದ ಪರದೆಗಳು ಇನ್ನೂ ಇವೆ. ಕಾರು ಚಲಿಸುತ್ತಿರುವಾಗ ಬರೆಯುವ ಸೌಲಭ್ಯಕ್ಕೆ ಬೀಗ ಹಾಕುವುದನ್ನು ಮಾತ್ರ ನಾನು ಆಕ್ಷೇಪಿಸಲಾರೆ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ 2013ರ ಮಾರ್ಗಸೂಚಿಯ ಆಶಯದಂತೆ, ಚಾಲಕರ ದೃಷ್ಟಿ ಒಂದು ಸಲಕ್ಕೆ 2 ಸೆಕೆಂಡಿಗಿಂತ ಹೆಚ್ಚು ಹೊತ್ತು, ಒಂದು ಕೆಲಸಕ್ಕೆ ಒಟ್ಟು 12 ಸೆಕೆಂಡಿಗಿಂತ ಹೆಚ್ಚು ಹೊತ್ತು ರಸ್ತೆಯಿಂದ ಆಚೆ ಹೋಗಬಾರದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಆ 2 ಸೆಕೆಂಡಿನಲ್ಲಿ ಕಾರು 44 ಮೀಟರ್ ಮುಂದೆ ಸಾಗಿರುತ್ತದೆ. ತಿರುವಿನ ಬಾಣವನ್ನು ಸ್ಟಿಯರಿಂಗ್ ಹಿಂದಿನ ಮಾಪಕಫಲಕದಲ್ಲಿ ಅಥವಾ ಮುಂಗಾಜಿನ ಮೇಲೆ ಮೂಡಿಸಬಲ್ಲ ವ್ಯವಸ್ಥೆಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಒಳಗೇ ಅಳವಡಿಸಿದ ವ್ಯವಸ್ಥೆಗೆ ಇದು ಸಹಜವಾಗಿ ಒದಗುತ್ತದೆ.

ವಿದ್ಯುತ್ ಕಾರುಗಳಲ್ಲಿ ಈ ಒಳಸಂಬಂಧ ಹೊಸ ಬೆಲೆ ಪಡೆದಿದೆ. ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜ್, ಅದರ ಉಷ್ಣತೆ, ಮುಂದಿರುವ ಏರಿಳಿತ, ಹೀಟರ್ ಎಳೆಯುತ್ತಿರುವ ವಿದ್ಯುತ್ ಇವೆಲ್ಲ ಕಾರಿಗೆ ತಿಳಿದಿರುತ್ತವೆ. ಎಲ್ಲಿ ನಿಂತು ಚಾರ್ಜ್ ಮಾಡಬೇಕೆಂದು ಅದು ಮೊದಲೇ ನಿರ್ಧರಿಸಿ, ಆ ಜಾಗ ಸಮೀಪಿಸುವಷ್ಟರಲ್ಲಿ ಬ್ಯಾಟರಿಯನ್ನು ತಕ್ಕ ಉಷ್ಣತೆಗೆ ತಂದಿಡಬಲ್ಲದು. ತಣ್ಣಗಿನ ಬ್ಯಾಟರಿಗೆ ವೇಗವಾಗಿ ಚಾರ್ಜ್ ತುಂಬಲಾಗದ ಕಾರಣ ಚಳಿಯಲ್ಲಿ ಇದರಿಂದ ಸಾಕಷ್ಟು ಸಮಯ ಉಳಿಯುತ್ತದೆ.

ಫೋನಿನ ನಕ್ಷೆಯನ್ನು ಕಾರಿನ ಪರದೆಗೆ ತರುವ ಕಾರ್‌ಪ್ಲೇ ಮತ್ತು ಆಂಡ್ರಾಯ್ಡ್ ಆಟೊ 2014–15ರ ವೇಳೆಗೆ ಬಳಕೆಗೆ ಬಂದ ಮೇಲೆ ಹಲವರು ಕಾರಿನ ಸ್ವಂತ ನಕ್ಷೆಯನ್ನು ತೆರೆಯುವುದನ್ನೇ ಬಿಟ್ಟಿದ್ದಾರೆ. ತಾಜಾ ನಕ್ಷೆಯೂ, ಈ ಕ್ಷಣದ ಸಂಚಾರ ದಟ್ಟಣೆಯ ಮಾಹಿತಿಯೂ ಫೋನಿನಲ್ಲಿ ಸಿಗುವುದರಿಂದ ಆ ಆಯ್ಕೆ ನ್ಯಾಯವಾದದ್ದೇ. ಹಾಗೆಂದು ಚಕ್ರದ ಸಂವೇದಕಗಳ ಅರಿವನ್ನು ಕಳೆದುಕೊಳ್ಳಬೇಕಿಲ್ಲ: ಕಾರು ತನ್ನ ಸ್ಥಾನ, ವೇಗ ಮತ್ತು ತಿರುವಿನ ಅಳತೆಗಳನ್ನು ಫೋನಿಗೆ ದಾಟಿಸುವ ಏರ್ಪಾಡು ಈ ಎರಡು ವ್ಯವಸ್ಥೆಗಳಲ್ಲೂ ಇದೆ, ಅದನ್ನು ಬಳಸಿಕೊಳ್ಳುವುದು ತಯಾರಕರಿಗೆ ಬಿಟ್ಟದ್ದು. ಬ್ಯಾಟರಿಯ ಮಾಹಿತಿಯನ್ನೂ ಹೀಗೆಯೇ ಹಂಚಿಕೊಳ್ಳುವ ಕಾರುಗಳು ಈಗಾಗಲೇ ಕೆಲವು ಇವೆ. ಉಳಿದವುಗಳಲ್ಲಿ ಆ ಅಂಕಿ ಇನ್ನೂ ಕಾರಿನ ಸ್ವಂತ ಪರದೆಯೊಳಗೇ ಉಳಿದಿದೆ.